ನಕ್ಷೆ ಕೆರೆ ಅಂಗಳವನ್ನೇ ಆರಿಸಿದಾಗ: ಲ್ಯಾಂಡ್‌ಫಿಲ್ ನಕ್ಷೆಯಲ್ಲಿ ತಪ್ಪು ಹುಡುಕುವ ಬಗೆ

ಮಂಡ್ಯ ಜಿಲ್ಲೆಯ ಒಂದು ಸಣ್ಣ ಪಟ್ಟಣಕ್ಕೆ ಲ್ಯಾಂಡ್‌ಫಿಲ್, ಅಂದರೆ ಕಸ ಹೂಳುವ ಜಾಗ, ಹುಡುಕುವ ನಕ್ಷೆ ಮಾಡಿದ್ದೆವು. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಇಳಿಜಾರು, ರಸ್ತೆ, ನೀರು ಹೀಗೆ ಹತ್ತು ಲೇಯರ್, ಮೂರು ವಾರದ ಕೆಲಸ. ಪ್ರತಿ ಲೇಯರ್ ಪ್ರತಿ ಜಾಗಕ್ಕೂ ಅಂಕ ಕೊಡುತ್ತದೆ. ಯಾವ ಲೇಯರ್ ಎಷ್ಟು ಮುಖ್ಯ ಅನ್ನುವ ತೂಕಕ್ಕೆ ತಕ್ಕಂತೆ ಕೂಡಿದರೆ ಒಟ್ಟು ಅಂಕ. ಕೊನೆಗೆ ಕಡು ಹಸಿರು ಬಣ್ಣದಲ್ಲಿ ಒಂದು ದೊಡ್ಡ ತುಂಡು ಎದ್ದು ಕಂಡಿತು. ನೂರಕ್ಕೆ 91 ಅಂಕ. ಇನ್ನೇನು ಬೇಕು ಅಂತ ಏಪ್ರಿಲ್ ಬಿಸಿಲಲ್ಲೇ ಬೈಕ್ ಹತ್ತಿ ಹೊರಟೆವು. ಜಾಗ ನಕ್ಷೆಯಲ್ಲಿ ಇದ್ದ ಹಾಗೇ ಇತ್ತು. ಸಮತಟ್ಟು, ಸುತ್ತ ಒಂದು ಮನೆ ಇಲ್ಲ, ಬೆಳೆ ಇಲ್ಲ.

ಎಮ್ಮೆ ಮೇಯಿಸುತ್ತಿದ್ದ ತಾತ ಒಬ್ಬರು ಹತ್ತಿರ ಬಂದು, "ಏನ್ ಅಳೀತಿದ್ದೀರಪ್ಪಾ?" ಅಂತ ಕೇಳಿದರು. ಹೇಳಿದೆವು. ಅವರು ನಗಲಿಲ್ಲ, ಬಯ್ಯಲೂ ಇಲ್ಲ. ದೂರದಲ್ಲಿ ದಿಣ್ಣೆಯ ಹಾಗೆ ಕಾಣುತ್ತಿದ್ದುದನ್ನು ಕೋಲಿನಲ್ಲಿ ತೋರಿಸಿ, "ಅದು ಏರಿ ಕಣಪ್ಪ. ನೀವು ನಿಂತಿರೋದು ಕೆರೆ ಒಳಗೆ" ಅಂದರು.

ವಾಪಸ್ ಬಂದು ತಪ್ಪು ಎಲ್ಲಿದೆ ಅಂತ ಹುಡುಕಲು ಎಂಟು ದಿನ ಹಿಡಿಯಿತು. ಸರಿಯಾದ ಕ್ರಮದಲ್ಲಿ ಹುಡುಕಿದ್ದರೆ ಅರ್ಧ ದಿನ ಸಾಕಿತ್ತು. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮೈಸೂರು, ಮಂಡ್ಯ ಸೀಮೆಯಲ್ಲಿ ಈ ಕೆಲಸ ಮಾಡುವವರಿಗೆ ಜಾಸ್ತಿ ಉಪಯೋಗ ಆಗಬಹುದು. ಇಲ್ಲಿನ ತಪ್ಪುಗಳಿಗೆ ಇಲ್ಲಿನದೇ ಕಾರಣಗಳಿವೆ.

ತೂಕಕ್ಕೆ ಕೈ ಹಾಕಬೇಡಿ

ಉತ್ತರ ತಪ್ಪಾಗಿದೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಮಾಡುವುದು ಒಂದೇ. ನೀರಿನ ಲೇಯರ್‌ಗೆ ತೂಕ ಸ್ವಲ್ಪ ಏರಿಸುವುದು, ಇಳಿಜಾರಿನದು ಇಳಿಸುವುದು, ಮತ್ತೆ ಓಡಿಸುವುದು. ನಾವೂ ಅದನ್ನೇ ಮಾಡಿದೆವು. ಕೆರೆ ಮರೆಯಾಯಿತು. ಅದರ ಜಾಗಕ್ಕೆ ಪಕ್ಕದ ಊರಿನ ಇನ್ನೊಂದು ಕೆರೆ ಬಂತು!

ಮೊದಲು ಆ ತಪ್ಪು ಜಾಗದ ಒಂದು ಪಿಕ್ಸೆಲ್‌ನ, ಅಂದರೆ ನಕ್ಷೆಯ ಒಂದು ಚೌಕದ, ಜಾತಕ ತೆಗೆಯಿರಿ. ಐಡೆಂಟಿಫೈ ಉಪಕರಣ ಹಿಡಿದು ಒಂದೇ ಬಿಂದುವಿನ ಮೇಲೆ ಒತ್ತಿ, ಪ್ರತಿ ಲೇಯರ್ ಎಷ್ಟು ಅಂಕ ಕೊಟ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಾಳೆಯಲ್ಲೇ ಬರೆಯಿರಿ. ಪರದೆಯ ಮೇಲೆ ನೋಡಿದ್ದು ಕಣ್ಣಿಗೆ ಬಿದ್ದು ಮರೆತು ಹೋಗುತ್ತದೆ. ನಮ್ಮ ಕೆರೆಯ ಪಿಕ್ಸೆಲ್‌ಗೆ ಬಂದ ಅಂಕ ಹೀಗಿತ್ತು: ಇಳಿಜಾರಿಗೆ 10ಕ್ಕೆ 10, ನೆಲದ ಬಳಕೆಗೆ 10, ಮನೆಗಳಿಂದ ದೂರಕ್ಕೆ 9, ರಸ್ತೆಗೆ 9, ಮಾಲೀಕತ್ವಕ್ಕೆ 10, ಕೆರೆಯಿಂದ ದೂರಕ್ಕೆ 8. ಕೊನೆಯದನ್ನು ಇನ್ನೊಂದು ಸಲ ಓದಿ. ಕೆರೆಯ ನಡುವೆ ನಿಂತಿರುವ ಪಿಕ್ಸೆಲ್‌ಗೆ ಕೆರೆಯಿಂದ ದೂರ ಇದ್ದೀಯ ಅಂತ 8 ಅಂಕ.

ಇದೇ ಪರೀಕ್ಷೆಯನ್ನು ಉತ್ತರ ಗೊತ್ತಿರುವ ಜಾಗಗಳ ಮೇಲೂ ಮಾಡಿ. ಶ್ರೀರಂಗಪಟ್ಟಣ ತಾಲ್ಲೂಕು ನಕ್ಷೆಯೊಳಗೆ ಬರುವುದಾದರೆ ರಂಗನತಿಟ್ಟಿನ ಮೇಲೆ ಒತ್ತಿ. ಕಾವೇರಿ ನದಿಯೊಳಗಿನ ಪಕ್ಷಿಧಾಮ ಅದು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಮುಂದೆ ಹೋಗಬೇಡಿ. ಕೊಕ್ಕರೆ ಬೆಳ್ಳೂರು, ಕೆಆರ್‌ಎಸ್ ಹಿನ್ನೀರು, ನಿಮ್ಮೂರ ಸಂತೆಮಾಳ, ಹೀಗೆ ನಾಲ್ಕೈದು ಜಾಗ ಇಟ್ಟುಕೊಳ್ಳಿ.

ಅಳತೆ ಯಾವುದರಲ್ಲಿದೆ?

ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮ ದೂರಗಳನ್ನು ಮೀಟರ್‌ನಲ್ಲಿ ಹೇಳುತ್ತಿತ್ತು. ನದಿಯಿಂದ 100 ಮೀಟರ್. ಕೊಳ, ಹೆದ್ದಾರಿ, ವಸತಿ, ಉದ್ಯಾನ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್. ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್. ವಿಶೇಷ ಸಂದರ್ಭದಲ್ಲಿ ಒಪ್ಪಿಗೆ ಪತ್ರ ಪಡೆದು 10ರಿಂದ 20ರ ನಡುವೆ. ನಾವು ಈ ಅಂಕಿಗಳ ಮೇಲೇ ಕೆಲಸ ಮಾಡಿದ್ದು. ನೀವು ಕೆಲಸ ಹಿಡಿಯುವ ಹೊತ್ತಿಗೆ ಜಾರಿಯಲ್ಲಿರುವ ನಿಯಮ ಯಾವುದು ಅಂತ ನೋಡಿಕೊಂಡೇ ಶುರು ಮಾಡಿ.

ಲೇಯರ್ ಮೀಟರ್ ಬದಲು ಅಕ್ಷಾಂಶ, ರೇಖಾಂಶದ ಡಿಗ್ರಿಯಲ್ಲಿದ್ದರೆ 200 ಅಂತ ಬರೆದ ಬಫರ್ (ಸುತ್ತ ಬಿಡುವ ಪಟ್ಟಿ) ಭೂಮಿಯನ್ನೇ ಮುಚ್ಚುತ್ತದೆ. ಆ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಅದರಿಂದ ಅಪಾಯ ಕಡಿಮೆ. ಅಪಾಯ ಇರುವುದು ವೆಬ್ ಮರ್ಕೇಟರ್‌ನಲ್ಲಿ. ಅದು ಒಂದು ಪ್ರೊಜೆಕ್ಷನ್, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಒಂದು ಬಗೆ. ಉಪಗ್ರಹ ಚಿತ್ರದ ಹಿನ್ನೆಲೆಯನ್ನೇ ಮೊದಲು ಹಾಕಿಕೊಂಡಾಗ ಪ್ರಾಜೆಕ್ಟ್ ಸುಮ್ನೆ ಆ ಪ್ರೊಜೆಕ್ಷನ್‌ಗೆ ಹೋಗಿಬಿಟ್ಟಿರುತ್ತದೆ. ಅದೂ ಮೀಟರ್ ಅಂತಲೇ ತೋರಿಸುತ್ತದೆ. ಆದರೆ ನಮ್ಮ ಅಕ್ಷಾಂಶದಲ್ಲಿ ಅದರ ಮೀಟರ್ ನಿಜವಾದ ಮೀಟರ್‌ಗಿಂತ ಶೇಕಡಾ ಎರಡೂ ಚಿಲ್ಲರೆ ಚಿಕ್ಕದು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತ ಅದರಲ್ಲಿ 20 ಕಿಲೋಮೀಟರ್ ವೃತ್ತ ಎಳೆದರೆ ನೆಲದ ಮೇಲೆ ಸುಮಾರು 450 ಮೀಟರ್ ಕಡಿಮೆ ಬೀಳುತ್ತದೆ. ಮೈಸೂರು ಕಡೆಯ ಕೆಲಸದಲ್ಲಿ ಆ ವೃತ್ತದ ಅಂಚೇ ಎಲ್ಲ ಜಗಳದ ಜಾಗ, ಅಲ್ವಾ? ಮೈಸೂರು ನಗರ ಪೂರ್ತಿ, ನಂಜನಗೂಡು ಎಲ್ಲ ಅದರೊಳಗೇ ಬರುತ್ತವೆ.

ನಮ್ಮ ಎರಡೂ ಜಿಲ್ಲೆಗೆ ಯುಟಿಎಂ ಅನ್ನುವ ಪ್ರೊಜೆಕ್ಷನ್‌ನ 43 ಉತ್ತರ ವಲಯ ಸರಿಯಾದದ್ದು, ತಂತ್ರಾಂಶದಲ್ಲಿ ಅದನ್ನು ಗುರುತಿಸುವ ಇಪಿಎಸ್‌ಜಿ ಸಂಖ್ಯೆ 32643. ಆದರೆ ಲೇಯರ್‌ಗೆ ಆ ಸಂಖ್ಯೆಯ ಹಣೆಪಟ್ಟಿ ಅಂಟಿಸುವುದು ಬೇರೆ, ಲೇಯರ್ ಅನ್ನು ಆ ಪ್ರೊಜೆಕ್ಷನ್‌ಗೆ ನಿಜವಾಗಿ ಬದಲಾಯಿಸುವುದು ಬೇರೆ. ನಮ್ಮ ಹುಡುಗ ಡಿಗ್ರಿಯಲ್ಲಿದ್ದ ಊರುಗಳ ಲೇಯರ್‌ಗೆ ಸುಮ್ನೆ ಹಣೆಪಟ್ಟಿ ಅಂಟಿಸಿದ್ದ. ಮಂಡ್ಯದ ಊರುಗಳೆಲ್ಲ ಮಾಯ. ಜೂಮ್ ಮಾಡಿ ನೋಡಿದರೆ ಮಾಲ್ಡೀವ್ಸ್‌ನಿಂದ ಪಶ್ಚಿಮಕ್ಕೆ, ಸಮಭಾಜಕದ ಮೇಲೆ, ಹಿಂದೂ ಮಹಾಸಾಗರದಲ್ಲಿ ಒಂದು ಚುಕ್ಕೆಯಾಗಿ ಕೂತಿದ್ದವು. ನಿಮ್ಮ ಲೇಯರ್ ಕಾಣೆಯಾದರೆ ಮೊದಲು ಅಲ್ಲಿ ಹುಡುಕಿ.

ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆ ಬಳಸಿದವರಿಗೆ ಇನ್ನೊಂದು ಮಾತು. ಹಾಳೆಯ ಸಂಖ್ಯೆ ಮಂಡ್ಯಕ್ಕೆ 57ಡಿ/14, ಮೈಸೂರಿಗೆ 57ಡಿ/11. ಹಳೆಯ ಮುದ್ರಣಗಳು ಎವರೆಸ್ಟ್ ಡೇಟಮ್‌ನಲ್ಲಿವೆ. ಡೇಟಮ್ ಅಂದರೆ ಅಕ್ಷಾಂಶ, ರೇಖಾಂಶ ಎಣಿಸಲು ಹಿಡಿದ ಭೂಮಿಯ ಮಾದರಿ. ಆ ಹಾಳೆಯನ್ನು ಈಗಿನ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಅಂತ ತಿಳಿದು ಕೂರಿಸಿದರೆ ನಮ್ಮ ಕಡೆ ಹತ್ತಿರ ಹತ್ತಿರ ಇನ್ನೂರು ಮೀಟರ್ ಜಾರುತ್ತದೆ. ನಿಯಮ ಕೇಳುವ ದೂರವೂ ಅಷ್ಟೇ. ಪತ್ತೆ ಮಾಡುವುದು ಸುಲಭ. ರೈಲ್ವೆ ಸೇತುವೆ, ನಾಲೆಯ ತಿರುವು, ಕೆರೆ ಏರಿಯ ಮೂಲೆ, ಹೀಗೆ ನಾಲ್ಕು ಗುರುತು ಹಿಡಿದು ಉಪಗ್ರಹ ಚಿತ್ರದ ಜೊತೆ ಹೋಲಿಸಿ. ನಾಲ್ಕೂ ಒಂದೇ ದಿಕ್ಕಿಗೆ ಒಂದೇ ಅಳತೆ ಜಾರಿದ್ದರೆ ಡೇಟಮ್ ತಪ್ಪು. ಒಂದೊಂದು ಒಂದೊಂದು ಕಡೆ ಓಡಿದ್ದರೆ ನೀವು ಹಾಳೆ ಕೂರಿಸಿದ ಬಿಂದುಗಳು ತಪ್ಪು.

ಜಿಲ್ಲೆಯೆಲ್ಲ ಬೆಟ್ಟವಾಗಿ ಕಂಡರೆ

ಇಳಿಜಾರಿನ ಲೇಯರ್‌ನಲ್ಲಿ ಎಲ್ಲ ಕಡೆ 80, 89 ಡಿಗ್ರಿ ಬಂದರೆ ಗಾಬರಿ ಬೇಡ. ಎತ್ತರದ ಕಡತ ಅಡ್ಡಡ್ಡಲಾಗಿ ಡಿಗ್ರಿಯಲ್ಲಿದೆ, ಎತ್ತರ ಮೀಟರ್‌ನಲ್ಲಿದೆ. ಯುಟಿಎಂಗೆ ಬದಲಾಯಿಸಿ ಮತ್ತೆ ಓಡಿಸಿ. ಅಷ್ಟೇ.

ಕೆರೆ, ಚೌಳು, ನಾಲೆ

ನಮ್ಮ ನಿಜವಾದ ತಪ್ಪು ಇಲ್ಲಿತ್ತು.

ನೆಲದ ಬಳಕೆಯ ಲೇಯರ್ ಅನ್ನು ಏಪ್ರಿಲ್‌ನ ಸೆಂಟಿನೆಲ್ ಉಪಗ್ರಹ ಚಿತ್ರದಿಂದ ಮಾಡಿದ್ದೆವು. ಬೇಸಿಗೆಯಲ್ಲಿ ಮೋಡ ಇರುವುದಿಲ್ಲ, ಚಿತ್ರ ಚೆನ್ನಾಗಿ ಬರುತ್ತದೆ ಅಂತ. ಆ ತಿಂಗಳು ಸಣ್ಣ ಕೆರೆಗಳು ಒಣಗಿ ಹೂಳು ಬಿರುಕು ಬಿಟ್ಟಿರುತ್ತದೆ. ಕಂಪ್ಯೂಟರ್‌ಗೆ ಅದು ಬೀಳು ಭೂಮಿ. ಕೆರೆಗಳ ಲೇಯರ್ ಮಾಡಿದ್ದೂ ಅದೇ ಚಿತ್ರದಿಂದಲೇ. ನೀರು ಕಾಣಲಿಲ್ಲ, ಕೆರೆ ಬರೆಯಲಿಲ್ಲ. ಕಳ್ಳನನ್ನೇ ಸಾಕ್ಷಿಗೆ ಕರೆದ ಹಾಗಾಯಿತು. ಒಂದು ಲೇಯರ್ ಮಾಡಿದ ತಪ್ಪನ್ನು ಇನ್ನೊಂದು ಹಿಡಿಯಬೇಕಾದರೆ ಎರಡೂ ಬೇರೆ ಬೇರೆ ಕಡೆಯಿಂದ ಬಂದಿರಬೇಕು.

ಉಳಿದವು ತಾವಾಗಿ ಸೇರಿಕೊಂಡವು. ಕೆರೆ ಅಂಗಳ ಸಪಾಟು, ಆದ್ದರಿಂದ ಇಳಿಜಾರಿಗೆ ಪೂರ್ತಿ ಅಂಕ. ಕೆರೆಯೊಳಗೆ ಯಾರೂ ಮನೆ ಕಟ್ಟುವುದಿಲ್ಲ, ಅದಕ್ಕೂ ಅಂಕ. ಸರ್ಕಾರಿ ಜಾಗ, ಅದಕ್ಕೂ ಅಂಕ. ಒಳ್ಳೆಯ ಲ್ಯಾಂಡ್‌ಫಿಲ್‌ಗೆ ನಾವು ಕೇಳಿದ ಗುಣವೆಲ್ಲ ಒಣಗಿದ ಕೆರೆಗೆ ಇತ್ತು.

ಸರಿಪಡಿಸಿದ್ದು ಮೂರು ಕಡೆಯಿಂದ. ನವೆಂಬರ್, ಡಿಸೆಂಬರ್‌ನ ಚಿತ್ರ ತೆಗೆದು ನೀರು ಎಲ್ಲಿ ನಿಂತಿದೆ ಅಂತ ನೋಡಿದೆವು. ಬರದ ವರ್ಷದಲ್ಲಿ ಅದೂ ಮೋಸ ಮಾಡುತ್ತದೆ. ಆದ್ದರಿಂದ ಯುರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರದವರು ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳಿಂದ ಮಾಡಿರುವ ಮೇಲ್ಮೈ ನೀರಿನ ಲೇಯರ್ ಹಾಕಿದೆವು. ಅದು 1984ರಿಂದ ಈಚೆಗೆ ಯಾವ ಪಿಕ್ಸೆಲ್‌ನಲ್ಲಿ ಎಷ್ಟು ಸಲ ನೀರು ಕಂಡಿದೆ ಅಂತ ಹೇಳುತ್ತದೆ, ಪುಕ್ಕಟೆ ಸಿಗುತ್ತದೆ. ನಮ್ಮ ಕೆರೆ ಅದರಲ್ಲಿ ತಿಳಿ ನೀಲಿಯಾಗಿ ಎದ್ದು ಬಂತು. ಮೂರನೆಯದು ಗ್ರಾಮ ನಕ್ಷೆ. ಕೆರೆ ಒಣಗಿದರೂ ಗ್ರಾಮ ನಕ್ಷೆಯಲ್ಲಿ ಅದು ಕೆರೆಯೇ. ನನ್ನ ಕೇಳಿದರೆ ಮೂರರಲ್ಲಿ ಇದೇ ಗಟ್ಟಿ.

ಇನ್ನು ಚೌಳು. ಕೆರೆಗಳನ್ನೆಲ್ಲ ಕಳೆದ ಮೇಲೆ ಎರಡನೇ ಸಲ ಮೇಲೆ ಬಂದದ್ದು ನಾಲೆಯ ಕೆಳಗಿನ ಒಂದು ಬಿಳಿ ಪಟ್ಟೆ. ಕಂಪ್ಯೂಟರ್ ಅದಕ್ಕೂ ಬಂಜರು ಅಂತಲೇ ಹೆಸರಿಟ್ಟಿತ್ತು. ಹೋಗಿ ಕಾಲಿಟ್ಟರೆ ಮೇಲೆ ಉಪ್ಪಿನ ಪದರ, ಹಿಮ್ಮಡಿ ಊರಿದರೆ ಕೆಳಗೆ ಜಿನುಗು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ವರ್ಷಗಟ್ಟಲೆ ನೀರು ಕಟ್ಟಿ ಕಟ್ಟಿ ತಗ್ಗಿನ ಗದ್ದೆಗಳು ಹೀಗಾಗಿವೆ. ನೆಲದ ನೀರು ಮೇಲಕ್ಕೆ ಬಂದು, ಆವಿಯಾಗಿ, ಉಪ್ಪು ಬಿಟ್ಟು ಹೋಗುತ್ತದೆ. ಬೆಳೆ ಬರುವುದಿಲ್ಲ, ನಿಜ. ಆದರೆ ಬೆಳೆ ಬಾರದಿರುವ ಕಾರಣವೇ ನೀರು ಮೇಲಿದೆ ಅನ್ನುವುದು. ಕಸದಿಂದ ಇಳಿಯುವ ಕಪ್ಪು ನೀರಿಗೆ ಇದಕ್ಕಿಂತ ಕೆಟ್ಟ ಜಾಗ ಸಿಗದು. ಹಾಗಾಗಿ ಬಂಜರು ಅಂತ ಒಂದೇ ಬಣ್ಣ ಬಳಿಯಬೇಡಿ. ಬೋರೆ (ದಿಣ್ಣೆ) ಮೇಲಿನ ಕಲ್ಲುನೆಲ ಬೇರೆ, ತಗ್ಗಿನ ಚೌಳು ಬೇರೆ. ನಾಲೆಯಿಂದ ಎಷ್ಟು ಕೆಳಗಿದೆ ಅಂತ ಎತ್ತರದ ಲೇಯರ್‌ನಲ್ಲಿ ನೋಡಿದರೆ ಎರಡೂ ಬೇರೆಯಾಗುತ್ತವೆ.

ನಿಯಮದ ದೂರದ ಪಟ್ಟಿಯಲ್ಲಿ ನದಿ ಇದೆ, ಕೊಳ ಇದೆ. ನಾಲೆ ಅಂತ ಪ್ರತ್ಯೇಕವಾಗಿ ಬರೆದಿಲ್ಲ. ಬರೆದಿಲ್ಲ ಅಂತ ನಾಲೆಯ ಲೇಯರ್ ಕೈಬಿಟ್ಟ ನಕ್ಷೆಯನ್ನು ನಾನೇ ನೋಡಿದ್ದೇನೆ. ಮಂಡ್ಯದಲ್ಲಿ ನಾಲೆಯಿಲ್ಲದ ನೀರಿನ ನಕ್ಷೆಗೆ ಏನರ್ಥ? ಸೀಳುನಾಲೆಗಳನ್ನೂ ಸೇರಿಸಿ. ಸೀಳುನಾಲೆ ಎರಡು ಮೂರು ಮೀಟರ್ ಅಗಲ. ಅದನ್ನು 30 ಮೀಟರ್ ಪಿಕ್ಸೆಲ್‌ಗೆ ಇಳಿಸಿದರೆ ತುಂಡು ತುಂಡಾಗಿ ಕಳಚಿಕೊಳ್ಳುತ್ತದೆ. ಮೊದಲು ಗೆರೆಗೆ ಬಫರ್ ಹಾಕಿ, ಆಮೇಲೆ ರಾಸ್ಟರ್ (ಪಿಕ್ಸೆಲ್‌ಗಳ ಲೇಯರ್) ಮಾಡಿ.

ರಸ್ತೆಗೂ ಇದೇ ಗತಿ. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಹಿಂದಿನ ರಸ್ತೆ ಲೇಯರ್ ಬಳಸಿದರೆ ಮಂಡ್ಯ, ಶ್ರೀರಂಗಪಟ್ಟಣದ ಬೈಪಾಸ್‌ಗಳೇ ಇರುವುದಿಲ್ಲ. ಬೈಪಾಸ್ ಪಕ್ಕದ ಜಾಗ ನಿರ್ಜನ ಅಂತ ಉತ್ತರ ಬರುತ್ತದೆ.

ನೆಲದ ನೀರು ಯಾವ ತಿಂಗಳಿನದು?

ಅದೇ 2016ರ ನಿಯಮದ ಪ್ರಕಾರ ಲ್ಯಾಂಡ್‌ಫಿಲ್ ತಳದಲ್ಲಿ 90 ಸೆಂಟಿಮೀಟರ್ ಗಟ್ಟಿಸಿದ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಇರಬೇಕು. ನೆಲದ ನೀರು ಅತಿ ಮೇಲೆ ಬಂದಾಗಲೂ ಜೇಡಿಮಣ್ಣಿನ ತಳದಿಂದ ಕನಿಷ್ಠ 2 ಮೀಟರ್ ಕೆಳಗಿರಬೇಕು. ಅತಿ ಮೇಲೆ ಬಂದಾಗ ಅನ್ನುವುದನ್ನು ಗಮನಿಸಿ.

ಬೇರೆ ಕಡೆ ಮಳೆಗಾಲ ಮುಗಿದ ಮೇಲೆ ಅಳೆದರೆ ಸಾಕು. ಅಚ್ಚುಕಟ್ಟಿನಲ್ಲಿ ಮಳೆಯ ಜೊತೆಗೆ ನಾಲೆಯ ಲೆಕ್ಕವೂ ಬೇಕು. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲ ದಿನ ಬಿಟ್ಟು ಕೆಲ ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟಾಗ ಅಕ್ಕಪಕ್ಕದ ಬಾವಿ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಮೇ ತಿಂಗಳಲ್ಲಿ ನಾಲೆ ಒಣಗಿದ್ದಾಗ ಅಳೆದ ಅಂಕಿಯಿಂದ ಮಾಡಿದ ಲೇಯರ್ ಊರೆಲ್ಲ ಸುರಕ್ಷಿತ ಅನ್ನುತ್ತದೆ. ಆ ಲೇಯರ್‌ನಲ್ಲಿ ಬಾವಿಗಳ ಸುತ್ತ ಗುರಿಹಲಗೆಯ ಹಾಗೆ ಉಂಗುರ ಉಂಗುರ ಕಂಡರೆ ಬಾವಿಗಳು ಕಡಿಮೆ ಅಂತ ಅರ್ಥ. ನಡುವಿನ ಅಂಕಿಗಳು ಬರೀ ಊಹೆ. ನಮ್ಮದು ಗ್ರಾನೈಟ್, ನೈಸ್ ಕಲ್ಲಿನ ಸೀಮೆ, ನೀರು ಓಡುವುದು ಬಿರುಕಿನಲ್ಲಿ. ನೂರು ಮೀಟರ್ ಆಚೆಯ ಬೋರ್‌ವೆಲ್ ಒಣಗಿರಬಹುದು, ಈಚೆಯದು ಉಕ್ಕಬಹುದು. ಎರಡರ ಸರಾಸರಿ ತೆಗೆದು ನಡುವಿನ ಜಾಗಕ್ಕೆ ಕೊಡುವುದು ಕಲ್ಲಿಗೆ ಗೊತ್ತಿಲ್ಲದ ಲೆಕ್ಕ.

ನಿಷೇಧಕ್ಕೆ ಅಂಕ ಕೊಡಬೇಡಿ

ಕೆರೆಯಿಂದ 50 ಮೀಟರ್ ಇರುವ ಜಾಗಕ್ಕೆ ಕೆರೆಯ ಲೇಯರ್‌ನಲ್ಲಿ 1 ಅಂಕ ಬಂತು ಅನ್ನಿ. ಉಳಿದ ಒಂಬತ್ತರಲ್ಲಿ ಹತ್ತತ್ತು ಬಂದರೆ ಒಟ್ಟಿನಲ್ಲಿ ಅದು ಪಾಸಾಗುತ್ತದೆ. ನಿಯಮ ಬೇಡ ಅಂದದ್ದಕ್ಕೆ ಅಂಕವೇ ಇರಬಾರದು. ನಿಷೇಧದ ಜಾಗಕ್ಕೆಲ್ಲ ಸೊನ್ನೆ, ಉಳಿದದ್ದಕ್ಕೆ ಒಂದು ಇರುವ ಮುಖವಾಡ ಲೇಯರ್ ಮಾಡಿ, ಕೊನೆಯ ಉತ್ತರಕ್ಕೆ ಗುಣಿಸಿ. ಸೊನ್ನೆಯಿಂದ ಗುಣಿಸಿದ್ದು ಎದ್ದು ಬರಲಾರದು.

ಇಲ್ಲಿ ನೋಡೇಟಾ, ಅಂದರೆ ಅಂಕಿಯೇ ಇಲ್ಲದ ಖಾಲಿ ಪಿಕ್ಸೆಲ್, ಅನ್ನುವ ಗುಮ್ಮ ಇದೆ. ಬಫರ್‌ನ ಹೊರಗಿನ ಪಿಕ್ಸೆಲ್‌ಗೆ 1 ಇರಬೇಕಾದಲ್ಲಿ ಖಾಲಿ ಇದ್ದರೆ, ರಾಸ್ಟರ್ ಕ್ಯಾಲ್ಕುಲೇಟರ್ ಉತ್ತರವನ್ನೂ ಖಾಲಿ ಮಾಡುತ್ತದೆ. ಜಿಲ್ಲೆಯಲ್ಲಿ ಒಂದೂ ಜಾಗ ಸಿಗಲಿಲ್ಲ ಅಂತ ವರದಿ ಬರೆಯುವ ಮೊದಲು ಇದನ್ನು ನೋಡಿ.

ತೂಕದ ಸರದಿ ಈಗ

ಇಷ್ಟೆಲ್ಲ ಆದ ಮೇಲೂ ಉತ್ತರ ವಿಚಿತ್ರವಾಗಿದ್ದರೆ ತೂಕ ನೋಡಿ. ಹೆಚ್ಚಿನವರು ಬಳಸುವುದು ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರಾಸೆಸ್). ಥಾಮಸ್ ಸಾಟಿ ಅವರು 1970ರ ದಶಕದಲ್ಲಿ ರೂಪಿಸಿದ ಪದ್ಧತಿ. ಎರಡೆರಡನ್ನೇ ಹೋಲಿಸಿ 1ರಿಂದ 9ರ ಒಳಗೆ ಅಂಕ ಕೊಡುವುದು. ಮೂರೇ ಸಂಗತಿ ಇಟ್ಟುಕೊಳ್ಳೋಣ: ನೀರು, ಇಳಿಜಾರು, ರಸ್ತೆ. ಇಳಿಜಾರಿಗಿಂತ ನೀರು 3 ಪಟ್ಟು ಮುಖ್ಯ, ರಸ್ತೆಗಿಂತ ಇಳಿಜಾರು 3 ಪಟ್ಟು, ರಸ್ತೆಗಿಂತ ನೀರು 5 ಪಟ್ಟು. ಲೆಕ್ಕ ಹಾಕಿದರೆ ನೀರಿಗೆ ಸುಮಾರು 0.64, ಇಳಿಜಾರಿಗೆ 0.26, ರಸ್ತೆಗೆ 0.10. ಹೋಲಿಕೆಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಅಂತ ಹೇಳುವ ಹೊಂದಾಣಿಕೆಯ ಅನುಪಾತ 0.03. ಅದು 0.10ರ ಒಳಗಿದ್ದರೆ ಸರಿ.

ಈಗ ಕೊನೆಯ ಅಂಕಿಯನ್ನು ತಲೆಕೆಳಗಾಗಿ ಟೈಪ್ ಮಾಡಿ. 5ರ ಬದಲು ಐದನೇ ಒಂದು. ಎಕ್ಸೆಲ್‌ನಲ್ಲಿ ಅಡ್ಡಸಾಲು, ಉದ್ದಸಾಲು ಅದಲುಬದಲಾದರೆ ಸಾಕು, ಹೀಗಾಗುತ್ತದೆ. ರಸ್ತೆಯ ತೂಕ 0.39ಕ್ಕೆ ಏರಿ ಮೊದಲನೆಯದಾಗುತ್ತದೆ, ನೀರು 0.28ಕ್ಕೆ ಇಳಿದು ಕೊನೆಗೆ ಹೋಗುತ್ತದೆ. ಹೊಂದಾಣಿಕೆಯ ಅನುಪಾತ 1.58. ಆ ಒಂದು ಅಂಕಿ ನೋಡಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು. ಆದರೆ ಅನುಪಾತದ ಕಾಲಂ ಇಲ್ಲದ ವರದಿಗಳೇ ಜಾಸ್ತಿ.

ಅನುಪಾತ ಸರಿಯಿದ್ದ ಮಾತ್ರಕ್ಕೆ ತೂಕ ಸರಿ ಅಂತಲ್ಲ. ನೀವು ಹೇಳಿದ್ದು ಒಂದಕ್ಕೊಂದು ತಾಳೆಯಾಗುತ್ತದೆ ಅಂತ ಮಾತ್ರ. ಪ್ರತಿ ತೂಕವನ್ನೂ ಶೇಕಡಾ 10 ಏರಿಸಿ, 10 ಇಳಿಸಿ ಓಡಿಸಿ ನೋಡಿ. ಮೊದಲ ಮೂರು ಜಾಗ ಅದಲುಬದಲಾದರೂ ಉಳಿದುಕೊಂಡರೆ ನಂಬಬಹುದು.

ಗುಂಟೆ ಲೆಕ್ಕ

ನಕ್ಷೆಯಲ್ಲಿ ಹಸಿರು ಚುಕ್ಕೆಗಳು ಸಾಸಿವೆ ಚೆಲ್ಲಿದ ಹಾಗಿದ್ದರೆ ಅಳತೆಗೆ ಬನ್ನಿ. 30 ಮೀಟರ್‌ನ ಒಂದು ಪಿಕ್ಸೆಲ್ ಅಂದರೆ 900 ಚದರ ಮೀಟರ್, ಹೆಚ್ಚುಕಡಿಮೆ ಒಂಬತ್ತು ಗುಂಟೆ. ಜಾಗ ಕನಿಷ್ಠ 20–25 ವರ್ಷ ಬಾಳಬೇಕು. ದಿನಕ್ಕೆ 20 ಟನ್ ಉಳಿಕೆ ಕಸ ಬಂದರೆ 25 ವರ್ಷಕ್ಕೆ 1,82,500 ಟನ್. ಒಂದು ಘನ ಮೀಟರ್‌ಗೆ 0.85 ಟನ್ ತುಳಿದು ತುಂಬಿ, ಮೇಲೆ ಮುಚ್ಚುವ ಮಣ್ಣಿಗೆ ಕಾಲು ಭಾಗ ಸೇರಿಸಿದರೆ ಸುಮಾರು 2.7 ಲಕ್ಷ ಘನ ಮೀಟರ್. ಸರಾಸರಿ 10 ಮೀಟರ್ ಎತ್ತರಕ್ಕೆ ಆರೂವರೆ ಎಕರೆ. ಇದು ಕಸ ಕೂರುವ ನೆಲ ಮಾತ್ರ. ಕಸದ ರಾಶಿಯ ಓರೆ, ರಸ್ತೆ, ಕಪ್ಪು ನೀರಿನ ತೊಟ್ಟಿ, ಲಾರಿ ತೂಗುವ ಕಟ್ಟೆ, ಸುತ್ತ ಬಫರ್ ಎಲ್ಲ ಸೇರಿ ಇದರ ಎರಡು ಪಟ್ಟಾದರೂ ಬೇಕು. ಅದಕ್ಕಿಂತ ಚಿಕ್ಕ ತುಂಡುಗಳನ್ನು ಅಳಿಸಿಹಾಕಿ.

ಉಳಿದ ತುಂಡುಗಳಿಗೆ ಪಹಣಿ

ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ನೋಡಿ. ಅಂದಾಜಿಗೆ ಅದು ಸಾಕು, ಹದ್ದುಬಸ್ತಿಗೆ ಸರ್ವೆಯರ್ರೇ ಬೇಕು. ಪಹಣಿಯಲ್ಲಿ ಖರಾಬು ಅಂತ ಇದ್ದರೆ ಖುಷಿಪಡಬೇಡಿ, ಎ ಖರಾಬೋ ಬಿ ಖರಾಬೋ ಕೇಳಿ. ಬಿ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನ, ಕೆರೆಯಂಥ ಸಾರ್ವಜನಿಕ ಜಾಗ. ಗೋಮಾಳ ಅಂತ ಇದ್ದರೆ ಅಲ್ಲಿ ದನ ಮೇಯಿಸುವವರಿದ್ದಾರೆ.

ಎಲ್ಲ ತಿದ್ದಿದ ಮೇಲೆ ನಮ್ಮ ನಕ್ಷೆಯಲ್ಲಿ ಮೂರು ತುಂಡು ಉಳಿದವು. ಮೊದಲನೆಯದರ ಪಡುವಣಕ್ಕೆ ಊರಿಲ್ಲ, ಮೂಡಲಿಗಿದೆ. ಮುಂಗಾರಿನ ಗಾಳಿ ವಾಸನೆಯನ್ನು ನೇರ ಊರಿಗೇ ಹೊಡೆಯುತ್ತದೆ, ಬಿಟ್ಟೆವು. ಮೂರನೆಯದರಲ್ಲಿ ಹೊಸ ಬಡಾವಣೆಯ ಕಲ್ಲು ನೆಟ್ಟಿದ್ದರು. ಎರಡನೆಯದು ಬೋರೆ ಮೇಲಿದೆ, ನಾಲೆಗಿಂತ ಎತ್ತರದಲ್ಲಿ. ಎಮ್ಮೆಯ ತಾತನನ್ನು ಬೈಕ್ ಹಿಂದೆ ಕೂರಿಸಿಕೊಂಡು ಹೋಗಿ ತೋರಿಸಿದೆವು. ಸುತ್ತ ಒಂದು ಸಲ ನೋಡಿ, "ಇಲ್ಲಿ ನೀರು ನಿಂತದ್ದು ನಾ ಕಂಡಿಲ್ಲ" ಅಂದರು. ಬೋರ್ ಕೊರೆಸಿ ಕೊಳವೆ ಇಳಿಸಿದ್ದೇವೆ. ನಾಲೆಗೆ ನೀರು ಬಿಡಲಿ ಅಂತ ಕಾಯುತ್ತಿದ್ದೇವೆ. ಬಿಟ್ಟ ಮೇಲೆ ಅಳೆಯುತ್ತೇವೆ.